ಕಡಲಾಚೆಯ ಚೀನೀಯರಿಗೆ ಸಿಕ್ಕ ಸರ್ಕಾರದ ಆಸರೆ

1740ರ ಅಕ್ಟೋಬರ್‌ನಲ್ಲಿ ಬಟಾವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತದಲ್ಲಿ, ಚೀನೀಯರ ಮಾರಣಹೋಮ ನಡೆಯಿತು. ಡಚ್ ಸೈನಿಕರು ಮನೆಮನೆ ಹುಡುಕಿ ಕೊಂದರು. ಆಸ್ಪತ್ರೆಯಲ್ಲಿ ಮಲಗಿದ್ದವರನ್ನೂ ಬಿಡಲಿಲ್ಲ, ಜೈಲಿನಲ್ಲಿದ್ದವರನ್ನೂ ಬಿಡಲಿಲ್ಲ. ಸತ್ತವರು ಸುಮಾರು 10,000 ಅಂತ ಅಂದಾಜು. ಸುದ್ದಿ ಪೀಕಿಂಗ್, ಅಂದರೆ ಇವತ್ತಿನ ಬೀಜಿಂಗ್, ತಲುಪಿತು. ಆಗ ಚೀನಾ ಆಳುತ್ತಿದ್ದ ಚಿಂಗ್ ವಂಶದ ಆಸ್ಥಾನದಲ್ಲಿ ಚರ್ಚೆಯೂ ನಡೆಯಿತು. ಆದರೆ ಚರ್ಚೆ ನಡೆದದ್ದು ಆ ಭಾಗದ ಜೊತೆ ವ್ಯಾಪಾರ ನಿಲ್ಲಿಸಬೇಕೋ ಬೇಡವೋ ಅನ್ನುವುದರ ಬಗ್ಗೆ. ಕೊನೆಗೆ ವ್ಯಾಪಾರವನ್ನೂ ನಿಲ್ಲಿಸಲಿಲ್ಲ. ಹಿರಿಯರ ಸಮಾಧಿ ಬಿಟ್ಟು, ಅರಸನ ಅಪ್ಪಣೆ ಮೀರಿ ಕಡಲು ದಾಟಿದವರು ಅವರು. ಅವರ ಪಾಡು ಅವರಿಗೆ ಅನ್ನುವುದೇ ಆಗಿನ ಧೋರಣೆ.

ಇವತ್ತು ಅದೇ ದೇಶದ ಸರ್ಕಾರ ಹೊರದೇಶದಲ್ಲಿರುವ ಚೀನೀ ಮೂಲದವರು ಸುಮಾರು 6 ಕೋಟಿ ಅಂತ ಹೇಳಿಕೊಳ್ಳುತ್ತದೆ. ಅವರಿಗಾಗಿ ಇಲಾಖೆ ಇದೆ, ಕಾನೂನಿದೆ, ವಿಶ್ವವಿದ್ಯಾಲಯಗಳಿವೆ, ಮಕ್ಕಳಿಗೆ ಬೇಸಿಗೆ ಶಿಬಿರಗಳಿವೆ, ಕಷ್ಟ ಬಂದರೆ ಕರೆ ಮಾಡಲು 12308 ಅನ್ನುವ ನಂಬರ್ ಇದೆ. ಇಷ್ಟು ದೊಡ್ಡ ಬದಲಾವಣೆ ಹೇಗಾಯಿತು? ಇದರಿಂದ ಆ ಜನರಿಗೆ ನಿಜವಾಗಿ ಏನು ಸಿಕ್ಕಿತು? ಇದೇ ಇವತ್ತಿನ ವಿಷಯ. ನಾನು ಪ್ರತಿಯೊಂದು ಪ್ರಸಂಗದಲ್ಲೂ ಒಂದನ್ನು ನೋಡುತ್ತಾ ಹೋಗುತ್ತೇನೆ. ಸಹಾಯ ಮಾಡುತ್ತೇವೆ ಅಂತ ಬಂದ ಸರ್ಕಾರ ಮೊದಲು ಆ ಜನರ ಮಾತು ಕೇಳಿತಾ? ಕೇಳಿದ ಕಡೆ ಒಳ್ಳೆಯದಾಗಿದೆ. ಕೇಳದೆ ತಾನೇ ತೀರ್ಮಾನ ಮಾಡಿದ ಕಡೆ, ಸಹಾಯ ಅಂತ ಬಂದದ್ದೇ ಭಾರವಾಗಿದೆ.

ಮಾತು ಕೇಳಿದ ಒಂದು ದೊಡ್ಡ ಉದಾಹರಣೆ ಕ್ಯೂಬಾದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1847ರಿಂದ 1874ರವರೆಗೆ ಸುಮಾರು 1,25,000 ಚೀನೀ ಗಂಡಸರು ಕ್ಯೂಬಾದ ಕಬ್ಬಿನ ತೋಟಗಳಿಗೆ ಬಂದು ಇಳಿದರು. ದಾರಿಯಲ್ಲೇ ಸತ್ತವರು ಈ ಲೆಕ್ಕಕ್ಕೆ ಸೇರಿಲ್ಲ. ಎಂಟು ವರ್ಷದ ಕರಾರು, ತಿಂಗಳಿಗೆ ನಾಲ್ಕು ಪೆಸೊ ಸಂಬಳ. ಕಾಗದದ ಮೇಲೆ ಅವರು ಕೂಲಿಗಳು. ತೋಟದಲ್ಲಿ ಆಫ್ರಿಕಾದ ಗುಲಾಮರ ಪಕ್ಕದಲ್ಲೇ ಕೆಲಸ, ಅದೇ ಚಾಟಿ, ಅದೇ ಸಂಕೋಲೆ. ಎಂಟು ವರ್ಷ ಮುಗಿದರೂ ಬಿಡುಗಡೆ ಇಲ್ಲ. ಮತ್ತೆ ಕರಾರು ಬರೆಸಿಕೊಳ್ಳುತ್ತಿದ್ದರು.

1874ರಲ್ಲಿ ಚಿಂಗ್ ಸರ್ಕಾರ ಒಂದು ತನಿಖಾ ತಂಡವನ್ನು ಹವಾನಾಗೆ ಕಳಿಸಿತು. ಮುಖ್ಯಸ್ಥ ಚೆನ್ ಲಾನ್‌ಬಿನ್ ಅನ್ನುವ ಅಧಿಕಾರಿ. ಜೊತೆಗೆ ಚೀನಾದ ಸುಂಕದ ಇಲಾಖೆಯಲ್ಲಿ ಕೆಲಸಕ್ಕಿದ್ದ ಒಬ್ಬ ಬ್ರಿಟಿಷ್ ಮತ್ತು ಒಬ್ಬ ಫ್ರೆಂಚ್ ಅಧಿಕಾರಿ. ತಂಡ ತೋಟಗಳಿಗೆ ಹೋಯಿತು, ಜೈಲುಗಳಿಗೆ ಹೋಯಿತು, ತಪ್ಪಿಸಿಕೊಂಡವರನ್ನು ಹಿಡಿದು ಕೂಡಿಹಾಕುವ ಠಾಣೆಗಳಿಗೆ ಹೋಯಿತು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ ಬರೆದುಕೊಂಡಿತು. ಹೀಗೆ 1,176 ಹೇಳಿಕೆಗಳಾದವು. ಅದಲ್ಲದೆ ಕೂಲಿಗಳೇ ಬರೆದುಕೊಟ್ಟ 85 ಮನವಿಗಳು, ಅವುಗಳ ಕೆಳಗೆ 1,665 ಸಹಿಗಳು. ನಿನ್ನನ್ನು ಯಾರು ಕರೆತಂದರು? ಕರಾರಿನಲ್ಲಿ ಏನಿದೆ ಅಂತ ಓದಿ ಹೇಳಿದರಾ? ಹೊಡೆಯುತ್ತಾರಾ? ಸತ್ತವರನ್ನು ಎಲ್ಲಿ ಹೂಳುತ್ತಾರೆ? ಇಂಥ ಪ್ರಶ್ನೆಗಳಿಗೆ ಬಂದ ಉತ್ತರಗಳು ಅವು. ಹತ್ತರಲ್ಲಿ ಎಂಟು ಜನ ತಮ್ಮನ್ನು ಮೋಸದಿಂದ ಅಥವಾ ಬಲವಂತವಾಗಿ ಹಡಗು ಹತ್ತಿಸಿದರು ಅಂತ ಹೇಳಿದ್ದರು. ವರದಿ ಹೊರಬಂತು. ಕ್ಯೂಬಾ ಆಗ ಸ್ಪೇನ್ ಕೈಯಲ್ಲಿತ್ತು. 1877ರಲ್ಲಿ ಸ್ಪೇನ್ ಜೊತೆ ಒಪ್ಪಂದವಾಯಿತು. ಕ್ಯೂಬಾಗೆ ಕೂಲಿಗಳ ಸಾಗಣೆ ಅಧಿಕೃತವಾಗಿ ಕೊನೆಯಾಯಿತು. ಎರಡು ವರ್ಷದ ನಂತರ ಹವಾನಾದಲ್ಲಿ ಚೀನೀ ಕಾನ್ಸುಲೇಟ್, ಅಂದರೆ ಅಲ್ಲಿರುವ ತನ್ನ ಜನರನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ, ತೆರೆಯಿತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ಅದೇ ಕಾಲದಲ್ಲಿ ನಮ್ಮ ಮದ್ರಾಸ್ ಬಂದರಿನಿಂದಲೂ ಮಾರಿಷಸ್‌ಗೆ, ದಕ್ಷಿಣ ಆಫ್ರಿಕಾದ ನಟಾಲ್‌ಗೆ, ಆಮೇಲೆ ಫಿಜಿಗೆ ಕರಾರು ಕೂಲಿಗಳು ಹೋಗುತ್ತಿದ್ದರು. ಅವರ ಪರವಾಗಿ ಹೋಗಿ ಕೇಳಲು ನಮ್ಮದೇ ಅನ್ನುವ ಸರ್ಕಾರ ಇರಲಿಲ್ಲ. ಕೂಲಿಗಳನ್ನು ಕಳಿಸುವವರೂ ಬ್ರಿಟಿಷರೇ, ತನಿಖೆ ಮಾಡುವವರೂ ಬ್ರಿಟಿಷರೇ. ಚಿಂಗ್ ಸರ್ಕಾರ ಎಷ್ಟೇ ಸೋತು ಸುಣ್ಣವಾಗಿದ್ದರೂ ಅದಕ್ಕೆ ಒಂದು ಮುದ್ರೆ ಇತ್ತು, ಒಬ್ಬ ರಾಯಭಾರಿಯನ್ನು ಕಳಿಸುವ ಹಕ್ಕಿತ್ತು. ಆ ಹಕ್ಕು ಎಷ್ಟು ಮುಖ್ಯ ಅಂತ ಕ್ಯೂಬಾದ ಕತೆ ಓದುವಾಗ ನನಗೆ ಅನಿಸುತ್ತದೆ.

ಅದೇ 1877ರಲ್ಲಿ ಸಿಂಗಪುರದಲ್ಲೂ ಚೀನೀ ಕಾನ್ಸುಲೇಟ್ ಶುರುವಾಯಿತು. ಪೀಕಿಂಗ್‌ನಿಂದ ಅಧಿಕಾರಿಯನ್ನು ಕಳಿಸಲಿಲ್ಲ. ಅಲ್ಲೇ ನೆಲೆಸಿದ್ದ ಹೂ ಆಹ್ ಕೇ ಅನ್ನುವ ವ್ಯಾಪಾರಿಯನ್ನು ಕಾನ್ಸುಲ್ ಮಾಡಿದರು. ಊರಿನವರು ಅವರನ್ನು ವಾಂಪೋವಾ ಅನ್ನುತ್ತಿದ್ದರು. ರಷ್ಯಾಕ್ಕೂ ಜಪಾನಿಗೂ ಅವರೇ ಕಾನ್ಸುಲ್ ಆಗಿದ್ದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚೇರಿ ಬಂತು. 1882ರಲ್ಲಿ ಅಲ್ಲಿಗೆ ಹುವಾಂಗ್ ಜುನ್‌ಶಿಯಾನ್ ಅನ್ನುವ ಕವಿ ಕಾನ್ಸುಲ್ ಜನರಲ್ ಆಗಿ ಬಂದರು. ಅದೇ ವರ್ಷ ಅಮೆರಿಕ ಚೀನೀ ಕೂಲಿಗಳು ಒಳಗೆ ಬರದಂತೆ ಕಾನೂನು ಮಾಡಿತ್ತು.

ಹುವಾಂಗ್ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ನಿಯಮವಿತ್ತು. ಮಲಗುವ ಕೋಣೆಯಲ್ಲಿ ತಲೆಗೆ 500 ಘನ ಅಡಿ ಜಾಗ ಇರಬೇಕು. ಕೇಳುವುದಕ್ಕೆ ಆರೋಗ್ಯದ ನಿಯಮ, ಆದರೆ ಜಾಸ್ತಿ ಹಿಡಿಯುತ್ತಿದ್ದದ್ದು ಚೀನೀ ಕೇರಿಯ ಬಡವರನ್ನೇ. ಹಿಡಿದವರನ್ನೆಲ್ಲ ಜೈಲಿನಲ್ಲಿ ತುಂಬಿದರು. ಹುವಾಂಗ್ ಜೈಲಿಗೆ ಹೋದರು. ಆ ಕೋಣೆಗಳ ಅಳತೆ ತೆಗೆಸಿದರು. ಇಲ್ಲಿ ತಲೆಗೆ ಎಷ್ಟು ಘನ ಅಡಿ ಬರುತ್ತದೆ ಅಂತ ಅಧಿಕಾರಿಗಳನ್ನು ಕೇಳಿದರು. ಹಿಡಿದವರನ್ನು ಬಿಟ್ಟು ಕಳಿಸಬೇಕಾಯಿತು. ಕಾನ್ಸುಲ್ ಅಂದರೆ ಹೀಗಿರಬೇಕು ಅಂತ ನನಗೆ ಅನಿಸುತ್ತದೆ. ಕಚೇರಿಯಿಂದ ಎದ್ದು ಜನ ಇರುವ ಕಡೆ ಹೋಗಬೇಕು.

ಆದರೆ ಅವರ ಶಕ್ತಿಗೂ ಮಿತಿಯಿತ್ತು. 1885ರ ಸೆಪ್ಟೆಂಬರ್ 2ರಂದು ವ್ಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ ಬಿಳಿಯ ಗಣಿ ಕೆಲಸಗಾರರು 28 ಚೀನೀ ಕೆಲಸಗಾರರನ್ನು ಕೊಂದರು. ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಬದುಕಿ ಉಳಿದವರು ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ಚೀನೀ ಕಾನ್ಸುಲ್‌ಗೆ ಕೊಟ್ಟರು. ಚೀನಾದ ರಾಯಭಾರಿ ವಾಷಿಂಗ್ಟನ್‌ನಲ್ಲಿ ಬಿಡದೆ ಒತ್ತಾಯಿಸಿದ ಮೇಲೆ ಅಮೆರಿಕ 1,47,748 ಡಾಲರ್ ಪರಿಹಾರ ಕೊಟ್ಟಿತು. ಕೊಂದವರಲ್ಲಿ ಒಬ್ಬರಿಗೂ ಶಿಕ್ಷೆ ಆಗಲಿಲ್ಲ.

ಆ ದಿನಗಳಲ್ಲಿ ಅಮೆರಿಕದ ಚೀನೀಯರಿಗೆ ಸಿಕ್ಕ ಗಟ್ಟಿಯಾದ ರಕ್ಷಣೆ ಬಂದದ್ದು ಬೇರೆ ಕಡೆಯಿಂದ. ಊರು, ಜಿಲ್ಲೆಗಳ ಹೆಸರಿನಲ್ಲಿ ಅವರೇ ಕಟ್ಟಿಕೊಂಡ ಸಂಘಗಳಿದ್ದವು. ಅವೆಲ್ಲ ಸೇರಿ ವಂತಿಗೆ ಎತ್ತಿ ವಕೀಲರನ್ನು ಇಟ್ಟವು. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅನ್ನುವ ಅಡುಗೆಯವನು ಚೀನಾಕ್ಕೆ ಹೋಗಿ ಬಂದಾಗ ದೇಶದೊಳಗೆ ಬಿಡದಿದ್ದದ್ದಕ್ಕೆ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಅಮೆರಿಕದ ನೆಲದಲ್ಲಿ ಹುಟ್ಟಿದವನು ಅಮೆರಿಕದ ಪ್ರಜೆ ಅಂತ 1898ರಲ್ಲಿ ತೀರ್ಪು ಬಂತು. ಇವತ್ತಿಗೂ ಅಲ್ಲಿ ಹುಟ್ಟುವ ನಮ್ಮ ಕನ್ನಡದ ಮಕ್ಕಳ ಪೌರತ್ವದ ಮಾತು ಬಂದಾಗ ವಕೀಲರು ಎತ್ತುವುದು ಇದೇ ತೀರ್ಪನ್ನು.

ಹುವಾಂಗ್ ಆಮೇಲೆ ಸಿಂಗಪುರಕ್ಕೆ ಕಾನ್ಸುಲ್ ಜನರಲ್ ಆಗಿ ಹೋದರು. ಅಲ್ಲಿನ ಚೀನೀಯರ ಜೊತೆ ಮಾತಾಡಿದಾಗ ಅವರಿಗೆ ಒಂದು ವಿಷಯ ತಿಳಿಯಿತು. ಈ ಜನ ಊರಿಗೆ ಹಿಂತಿರುಗಲು ಹೆದರುತ್ತಿದ್ದರು. ಹಣ ತಂದಿದ್ದಾರೆ ಅಂತ ಗೊತ್ತಾದರೆ ಅಧಿಕಾರಿಗಳು ಸುಲಿಯುತ್ತಾರೆ, ನೆಂಟರು ಸುಲಿಯುತ್ತಾರೆ, ಕಡಲು ದಾಟಿದ್ದೇ ಅಪರಾಧ ಅಂತ ಹೆದರಿಸುತ್ತಾರೆ. ಎಷ್ಟೋ ಜನ ಬ್ರಿಟಿಷ್ ಪ್ರಜೆ ಅಂತ ಕಾಗದ ಮಾಡಿಸಿಕೊಂಡು ಊರಿಗೆ ಹೋಗುತ್ತಿದ್ದರು. ಯೋಚಿಸಿ, ತವರಿಗೆ ಹೋಗಲು ಬೇರೆಯವರ ರಕ್ಷಣೆ ಬೇಕು! ಹುವಾಂಗ್ ಇದನ್ನು ಬರೆದು ಕಳಿಸಿದರು. ಲಂಡನ್ನಿನಲ್ಲಿದ್ದ ರಾಯಭಾರಿ ಶುಯೆ ಫುಚೆಂಗ್ ಅದನ್ನಿಟ್ಟುಕೊಂಡು ಚಕ್ರವರ್ತಿಗೆ ಮನವಿ ಸಲ್ಲಿಸಿದರು. 1893ರಲ್ಲಿ ಕಡಲು ದಾಟುವುದರ ಮೇಲಿದ್ದ ಹಳೆಯ ನಿಷೇಧ ತೆಗೆದುಹಾಕಿದರು. ಬಟಾವಿಯಾದ ಕೊಲೆಯಾಗಿ ಆಗ 153 ವರ್ಷ ಕಳೆದಿತ್ತು.

ಇಲ್ಲಿಂದ ಕತೆ ತಿರುಗುತ್ತದೆ. ಹೊರಗಿರುವ ಚೀನೀಯರ ಹತ್ತಿರ ಹಣವಿದೆ ಅಂತ ಸರ್ಕಾರಕ್ಕೆ ಗೊತ್ತಾಯಿತು. ಪೆನಾಂಗ್‌ನ ದೊಡ್ಡ ಸಾಹುಕಾರ ಝಾಂಗ್ ಬಿಷಿಯನ್ನು ಕರೆದು ಮರ್ಯಾದೆ ಮಾಡಿ ಬಂಡವಾಳ ಹಾಕಿಸಿದರು. ಯಾಂಟಾಯ್‌ನ ಹೆಸರಾಂತ ದ್ರಾಕ್ಷಾರಸದ ಕಾರ್ಖಾನೆ 1892ರಲ್ಲಿ ಅವರೇ ಶುರು ಮಾಡಿದ್ದು. 1909ರಲ್ಲಿ ಪೌರತ್ವ ಕಾನೂನು ಬಂತು. ಅದರ ಪ್ರಕಾರ ತಂದೆ ಚೀನೀಯ ಆಗಿದ್ದರೆ ಮಗು ಎಲ್ಲಿ ಹುಟ್ಟಿದರೂ ಚೀನೀ ಪ್ರಜೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಡಚ್ಚರು ಆಳುತ್ತಿದ್ದ ಜಾವಾದಲ್ಲಿ ನಾಲ್ಕು ತಲೆಮಾರು ಕಳೆದು, ಮನೆಯಲ್ಲಿ ಮಲಯ ಮಾತಾಡುತ್ತಿದ್ದ ಕುಟುಂಬವೂ ಇದರೊಳಗೆ ಬಂತು. ಡಚ್ಚರು ಬೆಚ್ಚಿದರು. ಇಲ್ಲಿ ಹುಟ್ಟಿದವರೆಲ್ಲ ಡಚ್ ಪ್ರಜೆಗಳು ಅಂತ 1910ರಲ್ಲಿ ತಾವೂ ಕಾನೂನು ಮಾಡಿದರು. ಒಬ್ಬನೇ ಮನುಷ್ಯನ ಮೇಲೆ ಎರಡು ಸರ್ಕಾರಗಳು ಹಕ್ಕು ಹೇಳಿದವು. ಆ ಕುಟುಂಬವನ್ನು ಇಬ್ಬರೂ ಕೇಳಲಿಲ್ಲ. ಮುಂದಿನ 50 ವರ್ಷದ ತೊಂದರೆಗಳಿಗೆ ಬೇರು ಇಲ್ಲೇ ಇದೆ.

ಹೊರಗಿದ್ದವರು ತವರಿಗೆ ಕೊಟ್ಟದ್ದು ಕಡಿಮೆ ಏನಲ್ಲ. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಗುವಾಂಗ್‌ಡಾಂಗ್, ಫುಜಿಯಾನ್ ಹಳ್ಳಿಗಳಿಗೆ ಅವರು ಹಣದ ಜೊತೆ ಕಳಿಸುತ್ತಿದ್ದ ಕಾಗದಗಳನ್ನು 2013ರಲ್ಲಿ ಯುನೆಸ್ಕೋ ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಸಿಂಗಪುರದ ರಬ್ಬರ್ ವ್ಯಾಪಾರಿ ತಾನ್ ಕಾಹ್ ಕೀ 1921ರಲ್ಲಿ ಸ್ವಂತ ಹಣದಿಂದ ಶಿಯಾಮೆನ್ ವಿಶ್ವವಿದ್ಯಾಲಯ ಕಟ್ಟಿದರು. ಜಪಾನ್ ಚೀನಾದ ಮೇಲೆ ದಾಳಿ ಮಾಡಿದಾಗ ಆಗ್ನೇಯ ಏಷ್ಯಾದ ಚೀನೀಯರನ್ನೆಲ್ಲ ಸೇರಿಸಿ ನಿಧಿ ಎತ್ತಿದರು. ಅವರ ಕರೆಗೆ ಓಗೊಟ್ಟು 1939ರಲ್ಲಿ ಸುಮಾರು 3,200 ಲಾರಿ ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಬರ್ಮಾದಿಂದ ಚೀನಾಕ್ಕೆ ಹೋಗುವ ಬರ್ಮಾ ರಸ್ತೆಯಲ್ಲಿ ಸಾಮಾನು ಸಾಗಿಸಲು ಹೋದರು. ಬಹಳ ಜನ ಅಲ್ಲೇ ಸತ್ತರು.

ಇನ್ನು ಕಮ್ಯುನಿಸ್ಟ್ ಸರ್ಕಾರದ ಕಾಲಕ್ಕೆ ಬರೋಣ. 1954ರ ಸಂವಿಧಾನದಲ್ಲೇ ಹೊರಗಿರುವ ಚೀನೀಯರ ನ್ಯಾಯವಾದ ಹಕ್ಕುಗಳನ್ನು ಕಾಪಾಡುತ್ತೇವೆ ಅಂತ ಬರೆದರು. ಮರುವರ್ಷ ಇಂಡೋನೇಷ್ಯಾದಲ್ಲಿ ಏಷ್ಯಾ, ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನ. ನೆಹರೂ, ಸುಕರ್ನೊ, ನಾಸೆರ್ ಎಲ್ಲ ಸೇರಿದ್ದ ಸಮ್ಮೇಳನ ಅದು. ಅದರ ನಡುವೆಯೇ, ಏಪ್ರಿಲ್ 22ರಂದು, ಚೀನಾದ ಪ್ರಧಾನಿ ಝೌ ಎನ್‌ಲಾಯ್ ಇಂಡೋನೇಷ್ಯಾ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಎರಡು ಪೌರತ್ವ ಇರುವವರು ಎರಡು ವರ್ಷದೊಳಗೆ ಒಂದನ್ನು ಆರಿಸಿಕೊಳ್ಳಬೇಕು. ಇಂಡೋನೇಷ್ಯಾ ಆರಿಸಿಕೊಂಡರೆ ಆ ದೇಶಕ್ಕೆ ನಿಷ್ಠೆಯಿಂದಿರಿ. ಚೀನಾ ಆರಿಸಿಕೊಂಡರೆ ಅಲ್ಲಿನ ಕಾನೂನು ಪಾಲಿಸಿ, ರಾಜಕೀಯಕ್ಕೆ ಹೋಗಬೇಡಿ. 1909ರಲ್ಲಿ ಮಾಡಿದ ಗಂಟನ್ನು ಬಿಡಿಸುವ ಪ್ರಯತ್ನ ಇದು. ಚೀನಾದ ಸರ್ಕಾರ ಹೊರಗಿನ ತನ್ನ ಜನರಿಗೆ ಮಾಡಿದ ಉಪಕಾರಗಳಲ್ಲಿ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಮೊದಲ ಸಲ ಆಯ್ಕೆಯನ್ನು ಆ ಮನುಷ್ಯನ ಕೈಗೇ ಕೊಟ್ಟರು.

ಆದರೆ ಒಪ್ಪಂದ ಜಾರಿಗೆ ಬರುವುದು 1960ಕ್ಕೆ ಹೋಯಿತು. ಅಷ್ಟರಲ್ಲಿ ಇಂಡೋನೇಷ್ಯಾ ಹೊಸ ಆಜ್ಞೆ ಹೊರಡಿಸಿತ್ತು. ವಿದೇಶಿಯರು ಹಳ್ಳಿಗಳಲ್ಲಿ ಚಿಲ್ಲರೆ ಅಂಗಡಿ ಇಡುವಂತಿಲ್ಲ. ಸಾವಿರಾರು ಚೀನೀ ಕುಟುಂಬಗಳ ಜೀವನ ನಿಂತಿದ್ದದ್ದೇ ಆ ಅಂಗಡಿಗಳ ಮೇಲೆ. ಚೀನಾ ಹಡಗು ಕಳಿಸಿತು, ಬನ್ನಿ ಅಂತ ಕರೆಯಿತು. 1960ರಲ್ಲಿ ಸುಮಾರು ಒಂದು ಲಕ್ಷ ಜನ ಹೋದರು. ಇಂಥವರನ್ನು ಕರೆತರಲು ಹಳೆಯ ಹಡಗೊಂದನ್ನು ಕೊಂಡು ಗುವಾಂಗ್‌ಹುವಾ ಅಂತ ಹೆಸರಿಟ್ಟರು. ತನ್ನದೇ ಬಾವುಟ ಹಾರಿಸಿ ಹೊರದೇಶಕ್ಕೆ ಹೋದ ಹೊಸ ಚೀನಾದ ಮೊದಲ ಪ್ರಯಾಣಿಕರ ಹಡಗು ಅದು. 1961ರ ಏಪ್ರಿಲ್‌ನಲ್ಲಿ ಜಕಾರ್ತಕ್ಕೆ ಹೊರಟಿತು.

ಬಂದವರಿಗೆ ಏನು ಸಿಕ್ಕಿತು? ಚೀನಾದಲ್ಲಿ ಆಗ ಭೀಕರ ಬರ, ಹಸಿವಿನ ವರ್ಷಗಳು. ಸರ್ಕಾರ ಇವರಿಗಾಗಿ ದಕ್ಷಿಣದಲ್ಲಿ ಸರ್ಕಾರಿ ತೋಟಗಳನ್ನು ಮಾಡಿತ್ತು. ಮನೆ ಕೊಟ್ಟಿತು, ಕೆಲಸ ಕೊಟ್ಟಿತು, ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಪಡಿತರವನ್ನೂ ಕೊಟ್ಟಿತು. ಆದರೆ ಇವರಲ್ಲಿ ಬಹಳ ಜನ ಅಂಗಡಿಯವರು, ಮೇಷ್ಟ್ರುಗಳು, ಓದುವ ಹುಡುಗರು. ಗುದ್ದಲಿ ಹಿಡಿದು ಗೊತ್ತಿಲ್ಲ. ನೀವು ಏನು ಕೆಲಸ ಮಾಡಬಲ್ಲಿರಿ, ಎಲ್ಲಿ ಇರಲು ಇಷ್ಟ ಅಂತ ಕೇಳಿದ್ದು ಕಡಿಮೆ. ತೋಟ ಇದೆ, ಹೋಗಿ ಅಂದರು. ಹೈನಾನ್ ದ್ವೀಪದ ಶಿಂಗ್‌ಲುಂಗ್ ತೋಟ ಇವುಗಳಲ್ಲಿ ಹೆಸರಾಂತದ್ದು. 1951ರಲ್ಲಿ ಮಲಯಾದಿಂದ ಹೊರಹಾಕಿದವರಿಗಾಗಿ ಶುರುವಾದದ್ದು. ಆ ಜನ ತಮ್ಮ ಜೊತೆ ಕಾಫಿ ಕುಡಿಯುವ ಅಭ್ಯಾಸ ತಂದರು, ಅಲ್ಲೇ ಗಿಡ ಹಾಕಿದರು. ಚಹಾದ ದೇಶದಲ್ಲಿ ಶಿಂಗ್‌ಲುಂಗ್ ಕಾಫಿಗೆ ಇವತ್ತಿಗೂ ಹೆಸರಿದೆ. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಈ ಸಂಗತಿ ಇಷ್ಟವಾಗಬಹುದು.

ಆಮೇಲೆ, 1966ರಲ್ಲಿ, ಮಾವೋ ಶುರು ಮಾಡಿದ ಸಾಂಸ್ಕೃತಿಕ ಕ್ರಾಂತಿ ಬಂತು. ನಂಬಿ ಮರಳಿದವರೇ ಅನುಮಾನಕ್ಕೆ ಒಳಗಾದರು. ಹೊರದೇಶದಲ್ಲಿ ಅಣ್ಣನೋ ಅತ್ತೆಯೋ ಇದ್ದರೆ ಸಾಕು, ಗೂಢಚಾರ ಅಂತ ಹಣೆಪಟ್ಟಿ. ಹೊರಗಿನ ಚೀನೀಯರ ವ್ಯವಹಾರ ನೋಡುವ ಆಯೋಗವನ್ನೇ ಮುಚ್ಚಿದರು. ಅವರ ಮಕ್ಕಳಿಗಾಗಿ ಇದ್ದ ಗುವಾಂಗ್‌ಝೌನ ಜಿನಾನ್ ವಿಶ್ವವಿದ್ಯಾಲಯಕ್ಕೂ ಬೀಗ ಬಿತ್ತು. 1970ರ ದಶಕದಲ್ಲಿ ದೇಶ ಬಿಡಲು ಅವಕಾಶ ಸಿಕ್ಕ ಕೂಡಲೇ ಎಷ್ಟೋ ಕುಟುಂಬಗಳು ಹಾಂಗ್‌ಕಾಂಗ್‌ಗೆ ಹೋಗಿಬಿಟ್ಟವು.

ಈಗ ಹೇಳುವುದು ಹೇಳಲು ಕಷ್ಟವಾದ ಭಾಗ. 1975ರಿಂದ 1979ರವರೆಗೆ ಕಾಂಬೋಡಿಯಾದಲ್ಲಿ ಕಮ್ಯುನಿಸ್ಟ್ ನಾಯಕ ಪೋಲ್ ಪಾಟ್ ಆಳ್ವಿಕೆ. ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಚೀನೀ ಮೂಲದವರಿದ್ದರು. ಆ ನಾಲ್ಕು ವರ್ಷದಲ್ಲಿ ಅವರಲ್ಲಿ ಸುಮಾರು ಅರ್ಧ ಜನ ಹಸಿವು, ಕಾಯಿಲೆ, ಕೊಲೆಗಳಿಂದ ಸತ್ತರು ಅಂತ ಇತಿಹಾಸಕಾರರ ಅಂದಾಜು. ಪೋಲ್ ಪಾಟ್ ಸರ್ಕಾರಕ್ಕೆ ದೊಡ್ಡ ಬೆಂಬಲವಾಗಿ ನಿಂತಿದ್ದದ್ದು ಚೀನಾ. ನಾಮ್ ಪೆನ್‌ನಲ್ಲಿ ಚೀನಾದ ರಾಯಭಾರ ಕಚೇರಿ ತೆರೆದೇ ಇತ್ತು. ಈ ಜನರಿಗಾಗಿ ಒಂದು ಹಡಗು ಬರಲಿಲ್ಲ.

ಅದೇ 1978ರಲ್ಲಿ ವಿಯೆಟ್ನಾಂನಿಂದ ಚೀನೀ ಮೂಲದವರನ್ನು ಓಡಿಸತೊಡಗಿದಾಗ ಚೀನಾ ಜೋರಾಗಿ ದನಿ ಎತ್ತಿತು. ಎರಡು ಹಡಗು ಕಳಿಸಿತು. ಎರಡು ಸರ್ಕಾರಗಳ ಜಗಳದಲ್ಲಿ ಹಡಗುಗಳು ಖಾಲಿಯಾಗಿ ವಾಪಸ್ ಬಂದವು. ಜನ ನಡೆದುಕೊಂಡೇ ಗಡಿ ದಾಟಿದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಚೀನಾ ಜಾಗ ಕೊಟ್ಟಿತು, ಇಡಿಯಾಗಿ ನೆಲೆ ಮಾಡಿಕೊಟ್ಟಿತು. ಅದನ್ನು ವಿಶ್ವಸಂಸ್ಥೆಯೂ ಹೊಗಳಿದೆ, ಹೊಗಳಬೇಕಾದದ್ದೇ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಗಡಿಯ ಒಂದು ಕಡೆಯವರಿಗೆ ಆಸರೆ, ಇನ್ನೊಂದು ಕಡೆಯವರ ವಿಷಯದಲ್ಲಿ ಮೌನ. ವಿಯೆಟ್ನಾಂ ಆಗ ಶತ್ರು, ಕಾಂಬೋಡಿಯಾ ಮಿತ್ರ. ಇದಕ್ಕಿಂತ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಮಾವೋ ನಂತರ ಚೀನಾವನ್ನು ಮುನ್ನಡೆಸಿದ ಡೆಂಗ್ ಷಿಯಾವೊಪಿಂಗ್ ಕಾಲದಲ್ಲಿ ಬಾಗಿಲು ಮತ್ತೆ ತೆರೆಯಿತು. ಕಚೇರಿ ಮರಳಿ ಬಂತು, ಜಿನಾನ್ ವಿಶ್ವವಿದ್ಯಾಲಯ ಮರಳಿ ಬಂತು. 1980ರಲ್ಲಿ ವಿಶೇಷ ಆರ್ಥಿಕ ವಲಯಗಳಿಗೆ ಶೆನ್‌ಝೆನ್, ಝುಹಾಯ್, ಶಾಂಟೌ, ಶಿಯಾಮೆನ್ ಆರಿಸಿದ್ದರಲ್ಲಿ ಹೊರಗಿನ ಚೀನೀಯರ ಲೆಕ್ಕವಿತ್ತು. ಶಾಂಟೌ, ಶಿಯಾಮೆನ್ ಸುತ್ತಲಿನ ಊರುಗಳಿಂದಲೇ ಥಾಯ್ಲೆಂಡಿಗೆ, ಸಿಂಗಪುರಕ್ಕೆ ಜನ ಹೋಗಿದ್ದದ್ದು. 1980ರಲ್ಲೇ ಹೊಸ ಪೌರತ್ವ ಕಾನೂನು ಬಂತು. ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಬೇರೆ ದೇಶದ ಪೌರತ್ವ ಪಡೆದರೆ ಚೀನಾದ್ದು ತಾನಾಗಿಯೇ ಹೋಗುತ್ತದೆ. 1990ರಲ್ಲಿ ಮರಳಿದವರ ಮತ್ತು ಹೊರಗಿರುವವರ ಮನೆಯವರ ಹಕ್ಕುಗಳಿಗೆ ಕಾನೂನು ಬಂತು. ಎರಡು ಪೌರತ್ವ ಭಾರತದಲ್ಲೂ ಇಲ್ಲ. ಆದರೆ ನಮ್ಮಲ್ಲಿ 2005ರಿಂದ ಒಸಿಐ ಕಾರ್ಡ್, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್, ಇದೆ. ಅಮೆರಿಕದ ಪೌರರಾದ ನಮ್ಮ ಊರಿನವರು ಅದನ್ನು ಹಿಡಿದು ವೀಸಾ ಇಲ್ಲದೆ ಬಂದು ಹೋಗುತ್ತಾರೆ. ಚೀನಾ ಅಷ್ಟು ಕೊಟ್ಟಿಲ್ಲ. 2018ರಿಂದ ಚೀನೀ ಮೂಲದವರಿಗೆ ಐದು ವರ್ಷದ ವೀಸಾ ಕೊಡಲು ಶುರು ಮಾಡಿತು.

ಪೌರತ್ವದ ಈ ಗೆರೆ ಎಷ್ಟು ಮುಖ್ಯ ಅಂತ 1998ರಲ್ಲಿ ಕಂಡಿತು. ಆ ವರ್ಷದ ಮೇ ತಿಂಗಳಲ್ಲಿ ಜಕಾರ್ತದಲ್ಲಿ ಗಲಭೆ. ಚೀನೀ ಮೂಲದವರ ಅಂಗಡಿ, ಮನೆಗಳನ್ನು ಸುಟ್ಟರು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಒಟ್ಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೀಜಿಂಗ್ ಮೊದಲ ವಾರಗಳಲ್ಲಿ ಬಹಳ ಕಡಿಮೆ ಮಾತಾಡಿತು. ಇವರೆಲ್ಲ ಇಂಡೋನೇಷ್ಯಾದ ಪೌರರು, ಅದು ಆ ದೇಶದ ಒಳಗಿನ ವಿಷಯ ಅನ್ನುವ ನಿಲುವು. ಹೊರಗಿನ ಚೀನೀಯರಿಗೆ ಇದು ತುಂಬಾ ನೋವು ತಂದಿತು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಹೆಣ್ಣುಮಕ್ಕಳ ಜೊತೆ ನಿಂತವರು ಯಾರು ಅಂತ ನೋಡಿ. ಇಂಡೋನೇಷ್ಯಾದ್ದೇ ಮಹಿಳಾ ಸಂಘಟನೆಗಳು. ಅವರ ಒತ್ತಾಯದಿಂದ ತನಿಖಾ ತಂಡ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ಹುಟ್ಟಿತು. 2000ದಲ್ಲಿ ಅಧ್ಯಕ್ಷ ಅಬ್ದುರಹಮಾನ್ ವಾಹಿದ್ ಚೀನೀ ಹಬ್ಬಗಳ ಮೇಲಿದ್ದ ಹಳೆಯ ನಿಷೇಧ ತೆಗೆದರು. 2006ರಲ್ಲಿ ಪೌರತ್ವ ಕಾನೂನು ಸರಿಯಾಯಿತು. ಬದುಕುತ್ತಿರುವ ನೆಲದ ಸರ್ಕಾರ ಸರಿ ಇದ್ದರೆ ಮಾತ್ರ ಒಬ್ಬ ವಲಸಿಗ ರಾತ್ರಿ ನೆಮ್ಮದಿಯಾಗಿ ಮಲಗಬಹುದು. ದೂರದ ಸರ್ಕಾರ ಎಷ್ಟು ದೊಡ್ಡದಾದರೂ ಅದಕ್ಕೆ ಸಮ ಅಲ್ಲ.

ಸಿಂಗಪುರಕ್ಕೆ ಇದು ಬಹಳ ಮೊದಲೇ ಗೊತ್ತಿತ್ತು. ಮುಕ್ಕಾಲು ಪಾಲು ಚೀನೀಯರೇ ಇರುವ ದೇಶ ಅದು. ಆದರೂ ಇಂಡೋನೇಷ್ಯಾ ಮಾಡಿಕೊಂಡ ಮೇಲೆಯೇ, 1990ರ ಅಕ್ಟೋಬರ್‌ನಲ್ಲಿ, ಚೀನಾ ಜೊತೆ ರಾಯಭಾರ ಸಂಬಂಧ ಮಾಡಿಕೊಂಡಿತು. ನಾವು ಬೀಜಿಂಗ್‌ನ ಕೈ ಅಲ್ಲ ಅಂತ ನೆರೆಯವರಿಗೆ ತೋರಿಸಬೇಕಿತ್ತು.

2000ದ ನಂತರ ಚೀನಾದ ಕೈ ಗಟ್ಟಿಯಾಯಿತು. 2006ರಲ್ಲಿ ಸಾಲೊಮನ್ ದ್ವೀಪಗಳ ಹೊನಿಯಾರಾದಲ್ಲಿ ಚೀನೀ ಅಂಗಡಿ ಬೀದಿಯನ್ನು ಸುಟ್ಟರು. ಚೀನಾಕ್ಕೆ ಆ ದೇಶದ ಜೊತೆ ಆಗ ರಾಯಭಾರ ಸಂಬಂಧವೂ ಇರಲಿಲ್ಲ. ಆದರೂ ವಿಮಾನ ಮಾಡಿಸಿ ಸುಮಾರು 300 ಜನರನ್ನು ಕರೆತಂದಿತು. 2011ರಲ್ಲಿ ಲಿಬಿಯಾದಿಂದ 35,860 ಜನರನ್ನು ಹೊರತಂದಿತು. ಗ್ರೀಸ್‌ನ ಹಡಗುಗಳನ್ನು ಬಾಡಿಗೆಗೆ ತೆಗೆದುಕೊಂಡು ಕ್ರೀಟ್ ದ್ವೀಪಕ್ಕೆ ಸಾಗಿಸಿತು. ಯುದ್ಧನೌಕೆ, ಸೇನಾ ವಿಮಾನಗಳೂ ಹೋದವು. ಲಿಬಿಯಾದಲ್ಲಿದ್ದವರು ಹೆಚ್ಚಾಗಿ ಕಟ್ಟಡ, ರೈಲು ಕೆಲಸದ ಕೂಲಿಗಳು. ಕ್ಯೂಬಾದ ಕಬ್ಬಿನ ತೋಟ ನೆನೆದರೆ ಇದು ದೊಡ್ಡ ಸಾಧನೆಯೇ.

ಆದರೆ 2020ರಲ್ಲಿ ಅದೇ ಸರ್ಕಾರ ಕೋವಿಡ್ ಸಮಯದಲ್ಲಿ ಒಂದು ದೇಶಕ್ಕೆ ಒಂದು ವಿಮಾನ ಸಂಸ್ಥೆ ವಾರಕ್ಕೆ ಒಂದೇ ವಿಮಾನ ಹಾರಿಸಬೇಕು ಅಂತ ನಿಯಮ ಮಾಡಿತು. ಬ್ರಿಟನ್, ಅಮೆರಿಕದಲ್ಲಿ ಓದುತ್ತಿದ್ದ ಮಕ್ಕಳು ಸಿಕ್ಕಿಬಿದ್ದರು. ರಾಯಭಾರ ಕಚೇರಿಗಳು ಮಾಸ್ಕ್, ಔಷಧಿ ಇರುವ ಪೊಟ್ಟಣ ಹಂಚಿದವು. ಆ ಮಕ್ಕಳಿಗೆ ಬೇಕಿದ್ದದ್ದು ಊರಿಗೆ ಹೋಗುವ ಒಂದು ಟಿಕೆಟ್.

ನನಗೆ ಆತಂಕ ಇರುವುದು ಈಗಿನ ದಿಕ್ಕಿನ ಬಗ್ಗೆ. 2015ರ ಸೆಪ್ಟೆಂಬರ್‌ನಲ್ಲಿ ಕ್ವಾಲಾಲಂಪುರದ ಚೀನೀ ಪೇಟೆಯಲ್ಲಿ ಮಲಯ ಜನಾಂಗದ ಹೆಸರಿನ ಮೆರವಣಿಗೆಯೊಂದು ನಡೆಯಲಿತ್ತು. ಚೀನಾದ ರಾಯಭಾರಿ ಹುವಾಂಗ್ ಹುಯ್‌ಕಾಂಗ್ ಹಿಂದಿನ ದಿನ ಆ ಬೀದಿಗೆ ಹೋಗಿ ಹೇಳಿಕೆ ಕೊಟ್ಟರು. ಮಲೇಷ್ಯಾ ಸರ್ಕಾರ ವಿವರಣೆ ಕೇಳಿತು. ಅಲ್ಲಿನ ಚೀನೀಯರು ತಲೆಮಾರುಗಳಿಂದ ಮಲೇಷ್ಯಾದವರು. ಇವರು ಹೊರಗಿನವರು ಅಂತ ಬೈಯುವವರ ಬಾಯಿಗೆ ಇದರಿಂದ ಇನ್ನೊಂದು ಮಾತು ಸಿಕ್ಕಿತು. 2018ರಲ್ಲಿ ಹೊರಗಿನ ಚೀನೀಯರ ಕಚೇರಿಯನ್ನು ಕಮ್ಯುನಿಸ್ಟ್ ಪಕ್ಷದ ಸಂಯುಕ್ತ ರಂಗ ವಿಭಾಗದೊಳಗೆ ಸೇರಿಸಿದರು. ಪಕ್ಷದ ಹೊರಗಿನವರನ್ನು ಪಕ್ಷದ ಕಡೆಗೆ ತರುವುದೇ ಆ ವಿಭಾಗದ ಕೆಲಸ. ಜನರ ಕಷ್ಟ ನೋಡುವ ಕೆಲಸವನ್ನೂ ಈಗ ಅದೇ ನೋಡುತ್ತದೆ. 2022ರಲ್ಲಿ ಹೊರದೇಶಗಳಲ್ಲಿರುವ ಚೀನೀ ಪೊಲೀಸ್ ಸೇವಾ ಕೇಂದ್ರಗಳ ಸುದ್ದಿ ಹೊರಬಂತು. ಡ್ರೈವಿಂಗ್ ಲೈಸೆನ್ಸ್ ನವೀಕರಣದಂಥ ಕೆಲಸಕ್ಕೆ ಸ್ವಯಂಸೇವಕರು ನಡೆಸುವ ಜಾಗಗಳು ಅಂತ ಚೀನಾ ಹೇಳಿತು. ಚೀನಾ ಹುಡುಕುತ್ತಿರುವವರನ್ನು ಊರಿಗೆ ವಾಪಸ್ ಬರುವಂತೆ ಹೆದರಿಸಲು ಬಳಸುತ್ತಾರೆ ಅಂತ ಮಾನವ ಹಕ್ಕುಗಳ ಸಂಘಟನೆಗಳು ಹೇಳಿದವು. ಸಹಾಯದ ಕಚೇರಿಯ ಬಾಗಿಲು ತಟ್ಟಲು ಒಬ್ಬ ವಲಸಿಗ ಹೆದರಿದರೆ ಆ ಕಚೇರಿ ಯಾರಿಗಾಗಿ ಇದೆ?

ನೆಲೆಸಿದ ದೇಶದ ಸರ್ಕಾರ ತಪ್ಪು ಸರಿಪಡಿಸಿದ ಒಂದು ಒಳ್ಳೆಯ ಉದಾಹರಣೆ ಕೆನಡಾದ್ದು. 1885ರಿಂದ ಅಲ್ಲಿಗೆ ಬರುವ ಚೀನೀಯರಿಗೆ ಮಾತ್ರ ತಲೆಗಂದಾಯ. ಮೊದಲು 50 ಡಾಲರ್, 1903ರಿಂದ 500 ಡಾಲರ್. 1923ರಿಂದ 1947ರವರೆಗೆ ಬರುವುದನ್ನೇ ನಿಲ್ಲಿಸಿದರು. 1980ರ ದಶಕದಲ್ಲಿ ಮುದುಕರು ಪೆಟ್ಟಿಗೆಯಲ್ಲಿಟ್ಟಿದ್ದ ಕಂದಾಯದ ರಸೀದಿಗಳನ್ನು ಹೊರತೆಗೆದು ನ್ಯಾಯ ಕೇಳಿದರು. 2006ರ ಜೂನ್ 22ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಬದುಕಿದ್ದ ಕಂದಾಯದಾರರಿಗೆ, ಅವರಿಲ್ಲದಿದ್ದರೆ ಹೆಂಡತಿಗೆ, 20,000 ಡಾಲರ್ ಕೊಟ್ಟರು. ಅಷ್ಟು ಹೊತ್ತಿಗೆ ಬದುಕಿದ್ದವರು ಬೆರಳೆಣಿಕೆ ಜನ.

ಕೆನಡಾದ ಮಾತು ಬಂದಾಗ ನಮ್ಮ ದೇಶದ ವಿಷಯವನ್ನೂ ಹೇಳಲೇಬೇಕು. ಕಲ್ಕತ್ತಾದಲ್ಲಿ 18ನೇ ಶತಮಾನದ ಕೊನೆಯಿಂದ ಚೀನೀಯರಿದ್ದಾರೆ. ಟ್ಯಾಂಗ್ರಾದ ಚರ್ಮ ಹದ ಮಾಡುವ ಕಾರ್ಖಾನೆಗಳು ಅವರದ್ದಾಗಿದ್ದವು. ಅಸ್ಸಾಮಿನ ಮಾಕುಮ್ ಊರಲ್ಲಿ ಚಹಾ ತೋಟಗಳಿಗೆ ಬಂದವರ ಮೊಮ್ಮಕ್ಕಳಿದ್ದರು. 1962ರ ಯುದ್ಧವಾದಾಗ ಸುಮಾರು 3,000 ಜನರನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. ವಿಚಾರಣೆ ಇಲ್ಲ, ಆರೋಪ ಇಲ್ಲ. ಮುದುಕರು, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು ಎಲ್ಲ ಅದರಲ್ಲಿದ್ದರು. 1963ರಲ್ಲಿ ಚೀನಾ ಮದ್ರಾಸಿಗೆ ಹಡಗು ಕಳಿಸಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಹೋಯಿತು. ಅವರಲ್ಲಿ ಚೀನಾವನ್ನು ಒಮ್ಮೆಯೂ ನೋಡದವರು ಎಷ್ಟೋ ಜನ. ಅವರನ್ನೂ ಅದೇ ಸರ್ಕಾರಿ ತೋಟಗಳಿಗೆ ಕಳಿಸಿದರು. ಉಳಿದವರಲ್ಲಿ ಕೆಲವರು 1967ರವರೆಗೂ ದೇವಲಿಯಲ್ಲೇ ಇದ್ದರು. ಬಿಡುಗಡೆಯಾಗಿ ಬಂದಾಗ ಮನೆ, ಅಂಗಡಿ ಬೇರೆಯವರ ಕೈಯಲ್ಲಿತ್ತು.

ಅವರಲ್ಲಿ ಅನೇಕರು ಆಮೇಲೆ ಕೆನಡಾಕ್ಕೆ ಹೋಗಿ ಟೊರಾಂಟೊ ಸುತ್ತ ನೆಲೆಸಿದರು. ಸಂಘ ಕಟ್ಟಿಕೊಂಡು ಭಾರತ ಸರ್ಕಾರಕ್ಕೆ ಮನವಿ ಕೊಡುತ್ತಾ ಬಂದಿದ್ದಾರೆ. ಅವರು ಕೇಳುತ್ತಿರುವುದು ಮುಖ್ಯವಾಗಿ ತಪ್ಪಾಯಿತು ಅನ್ನುವ ಒಂದು ಮಾತು. ಅಂದು ಶಿಬಿರಕ್ಕೆ ಹೋದ ಮಕ್ಕಳಲ್ಲಿ ಅನೇಕರಿಗೆ ಈಗ 70 ದಾಟಿದೆ. ಅವರು ಹುಟ್ಟಿದ್ದು ಈ ದೇಶದಲ್ಲಿ, ಆಡುತ್ತಿದ್ದದ್ದು ಇಲ್ಲಿನ ಮಾತು. ನಮ್ಮ ಸರ್ಕಾರ ಅವರನ್ನು ಕರೆದು, ಅವರ ಹೇಳಿಕೆ ಬರೆದುಕೊಂಡು, ಕ್ಷಮೆ ಕೇಳಬೇಕು. ಅವರು ಬದುಕಿರುವಾಗಲೇ ಆಗಬೇಕಾದ ಕೆಲಸ ಅದು.